ಪಟ್ಟೆ ಹೂವಿನ ಎಲೆಗಳು

ಮಾರ್ಚ್ 3

ರೈಕಾನ್ ಎಜೆ ಹೋಗಿಬಿಟ್ಟಳು. ಹೊಟ್ಟೆಯ ಕ್ಯಾನ್ಸರ್ ಅಂತೆ. ಎರಡು ವರ್ಷದಿಂದ ಇತ್ತಂತೆ. ಎಲ್ಲದಕ್ಕೂ ‘ಅಂತೆ’ ಸೇರಿಸಿ ಬರೆಯಬೇಕಾಗಿ ಬಂದಿದೆಯಲ್ಲ, ಅದಕ್ಕೇ ನನಗೆ ಮೈ ಉರಿಯುತ್ತಿರುವುದು.

ಹೊಲಿಗೆ ಕಾರ್ಖಾನೆಯಲ್ಲಿ ಶಾಲೆ ಸಮವಸ್ತ್ರದ ತೋಳು ಕತ್ತರಿಸುತ್ತಿದ್ದೆ. ಪಕ್ಕದ ಮೇಜಿನ ಲ್ಯುಬಾ ಮೊಬೈಲ್ ಹಿಡಿದುಕೊಂಡು ಬಂದಳು.

“ಏನೇ, ಮತ್ತೆ ನೀರು ಹೊಯ್ದು ಗಿಡ ಕೊಳೆಸಿದ್ಯಾ?” ಅಂದೆ.

“ನೀನು ಗುಂಪು ನೋಡಿಲ್ವಾ ಜೂರಾ?”

ನೋಡಿರಲಿಲ್ಲ. ನೋಡಿದೆ. ನಮ್ಮ ‘ಕಿಟಕಿ ಹೂಗಳು’ ಗುಂಪಿನಲ್ಲಿ ಮೂರು ಸಾವಿರ ಜನ, ಎಲ್ಲರೂ ಕುಂಡದಲ್ಲಿ ವಯೊಲೆಟ್ ಹೂ ಬೆಳೆಯುವ ಹುಚ್ಚಿನವರು. ಬಿಷ್ಕೆಕ್, ಟೊಕ್ಮೊಕ್, ಓಶ್, ಗಡಿಯಾಚೆ ಅಲ್ಮಾಟಿಯವರೂ ಇದ್ದಾರೆ. ರೈಕಾನ್ ಎಜೆ ಅದರ ಒಡತಿಯಲ್ಲ, ಒಡತಿ ವೆನೇರಾ. ಆದರೆ ಕೇಳುವವರು ಕೇಳುತ್ತಿದ್ದದ್ದು ಎಜೆಯನ್ನೇ. ಅವಳಿಗಿಂತ ದೊಡ್ಡವರಿಗೂ ಅವಳು ಎಜೆ, ಅಕ್ಕ. ಯಾವ ದಡ್ಡಿ ಬಂದು “ನನ್ನ ಗಿಡದ ಎಲೆ ಯಾಕೆ ಹಳದಿ” ಅಂತ ಸಾವಿರದೊಂದನೇ ಸಲ ಕೇಳಿದರೂ ಬೈಯುತ್ತಿರಲಿಲ್ಲ. “ಗಿಡ ಯಾವ ಕಿಟಕೀಲಿದೆ ಮಗಳೇ?” ಅಂತ ಶುರು ಮಾಡುತ್ತಿದ್ದಳು. ಹಿಂದಿನ ಪುಟ ಓದಲಾರದ ಸೋಮಾರಿಗಳಿಗೆ ಇಷ್ಟು ಮರ್ಯಾದೆ ಯಾಕೆ ಅಂತ ನಾನು ರೇಗುತ್ತಿದ್ದೆ.

ಐದು ವರ್ಷ. ದಿನಾ ಮಾತು. ಮಣ್ಣು, ಬೇರು, ಹುಳ, ನನ್ನ ಗಂಡ ಬಿಟ್ಟುಹೋದದ್ದು, ಎಲ್ಲವನ್ನೂ ನಾನು ಹೇಳಿದ್ದೆ. ಅವಳು ಹುಳದ ಬಗ್ಗೆ ಹೇಳಿದಳು, ಹೊಟ್ಟೆಯ ಬಗ್ಗೆ ಹೇಳಲಿಲ್ಲ.

ಕಳೆದ ವಾರ ಕೂಡ ಪಟ್ಟೆ ಗಿಡದ ಮಾತಾಗಿತ್ತು. ಅದು ಅವಳ ಕಿಟಕಿಯಲ್ಲಿ ತಾನಾಗಿ ಹುಟ್ಟಿದ್ದು. ಬಿಳಿ ದಳ, ದಳದ ನಡುವೆ ರಾಯಲ್ ಇಂಕಿನಲ್ಲಿ ಎಳೆದಂಥ ಒಂದು ನೀಲಿ ಪಟ್ಟೆ. ಎಲ್ಲೂ ಇನ್ನೊಂದಿಲ್ಲ. ಇಂಥ ಗಿಡದ ಎಲೆ ನೆಟ್ಟರೆ ಪಟ್ಟೆ ಬರುವುದಿಲ್ಲ, ಬರೀ ಒಂದೇ ಬಣ್ಣದ ಹೂ ಬರುತ್ತದೆ. ಗಿಡದ ಸುಳಿ ಮುರಿಯಬೇಕು, ಮುರಿದ ಮೋಟಿನ ಬದಿಯಿಂದ ಮರಿ ಚಿಗುರಬೇಕು. ಆ ಮರಿಗೆ ಮಾತ್ರ ಪಟ್ಟೆ. “ಯಾವಾಗ ಮುರೀತೀಯಾ?” ಅಂತ ನಾನು ಚಳಿಗಾಲವೆಲ್ಲ ಪೀಡಿಸಿದ್ದೆ. “ಹೂ ಬಿಟ್ಟಿರೋದನ್ನ ಮುರಿಯೋಕೆ ಕೈ ಬರಲ್ಲ ಜೂರಾ. ಇನ್ನೊಂದು ಸಲ ಹೂ ನೋಡ್ಬಿಡ್ತೀನಿ. ಮೊದಲನೇ ಮರಿ ನಿಂಗೇ” ಅಂದಿದ್ದಳು.

ಇನ್ನೊಂದು ಸಲ ನೋಡಿದಳೋ ಇಲ್ಲವೋ, ಅದನ್ನೂ ಹೇಳಲಿಲ್ಲ.

ಮಾರ್ಚ್ 4

ಟೊಕ್ಮೊಕ್‌ಗೆ ಹೋಗಿಬಂದೆ. ಬಿಷ್ಕೆಕ್‌ನಿಂದ ಎಜೆಯ ಊರಿಗೆ ಮಿನಿಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಅಷ್ಟೇ. ಐದು ವರ್ಷ ಇದೇ ಮಿನಿಬಸ್ಸಿನ ಡ್ರೈವರ್ ಕೈಯಲ್ಲಿ ಬ್ರೆಡ್ಡಿನ ಚೀಲದೊಳಗೆ ಎಲೆ ಸುತ್ತಿಟ್ಟು ಅವಳು ನನಗೆ, ನಾನು ಅವಳಿಗೆ ಕಳಿಸುತ್ತಿದ್ದೆವು. ಅವಳ ಮನೆ ಬಾಗಿಲು ನೋಡಿದ್ದು ಇವತ್ತೇ.

ಅಂಗಳದಲ್ಲಿ ಗುಡಾರ ಹಾಕಿದ್ದರು. ಒಳಗೆ ಹೆಂಗಸರು ಹಾಡಿ ಹಾಡಿ ಅಳುತ್ತಿದ್ದರು. ಗಂಡ ಮಾಮಿರ್ಕುಲ್ ಹೊರಗೆ ಕೋಲೂರಿ ನಿಂತಿದ್ದ, ಉದ್ದ ಆಳು, ರೈಲ್ವೆಯಲ್ಲಿದ್ದವನು. ನಾನು ಹೆಸರು ಹೇಳಿದೆ. “ಓ, ಹೊಲಿಗೆ ಜೂರಾ” ಅಂದ. ಎಜೆಯ ಗಂಡ ಅಂದರೆ ನಮಗೆ ಜೆಜ್ದೆ, ಭಾವ. ಹಾಗೇ ಕರೆದೆ.

ಕಾರ್ಖಾನೆಯಿಂದ ಒಳ್ಳೆ ಬಟ್ಟೆಯ ತುಂಡು ಕತ್ತರಿಸಿ ಕಟ್ಟಿಕೊಂಡು ಹೋಗಿದ್ದೆ. ಸಾವಿನ ಮನೆಗೆ ಬಂದ ಹೆಂಗಸರಿಗೆ ಬಟ್ಟೆ ಹರಿದು ಹಂಚುತ್ತಾರಲ್ಲ, ಜಿರ್ತಿಶ್, ಅದಕ್ಕೆ. ಹಿರಿಯ ಮುದುಕಿಯೊಬ್ಬಳು ಗಂಟನ್ನು ಮುಟ್ಟಲೂ ಇಲ್ಲ.

“ಇದು ತುಂಬು ಆಯಸ್ಸು ಬಾಳಿದೋರಿಗೆ ಕಣಮ್ಮ. ಐವತ್ತೆಂಟಕ್ಕೆ ಹೋದವಳದ್ದು ಯಾರು ತಗೊಂಡ್ ಹೋಗ್ತಾರೆ? ಇಂಥ ಆಯಸ್ಸು ನನ್ನ ಮಕ್ಕಳಿಗೂ ಬರ್ಲಿ ಅಂತನಾ?”

ಸುತ್ತ ನಿಂತವರು ತಲೆ ಆಡಿಸಿದರು. ಗಂಟನ್ನು ಹಾಗೇ ವಾಪಸು ತಂದೆ. ಬರುವಾಗ ಕಿಟಕಿ ನೋಡಿದೆ. ಪಟ್ಟೆ ಗಿಡ ಹೂ ಬಿಟ್ಟಿತ್ತು.

ಮಾರ್ಚ್ 9

ಗುಂಪಿನಲ್ಲಿ ಎಲ್ಲಿ ನೋಡಿದರೂ ಮೇಣದಬತ್ತಿ. ಒಬ್ಬಳು ಹಚ್ಚಿದರೆ ಕೆಳಗೆ ಇನ್ನೂರು ಜನ. ವೆನೇರಾ ಪಾರಿವಾಳ ಹಾರಿಸಿದ್ದಾಳೆ. ‘ನಮ್ಮ ಕುಟುಂಬದ ಕಣ್ಣು ಆರಿತು’ ಅಂತೆ. ಕುಟುಂಬವಂತೆ!

ತಡೆಯಲಾಗಲಿಲ್ಲ, ಬರೆದೆ. ‘ಬದುಕಿದ್ದಾಗ ಒಬ್ಬರಾದರೂ ಹೇಗಿದ್ದೀಯಾ ಎಂದು ಕೇಳಿದ್ದೀರಾ? ಎಲೆ ಹಳದಿಯಾದರೆ ಎಜೆ, ಹುಳ ಬಿದ್ದರೆ ಎಜೆ. ಅವಳ ಮೈ ಹಳದಿಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಈ ಬತ್ತಿಗಳನ್ನು ನಿಮ್ಮ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ.’

ವೆನೇರಾ ನೇರ ನನಗೇ ಫೋನ್ ಮಾಡಿದಳು. “ಅಳಿಸು ಜೂರಾ. ಅವಳ ಸೊಸೆ ಕೂಡ ಇದಾಳೆ ಗುಂಪಲ್ಲಿ.”

“ಓದ್ಲಿ.”

“ಬದುಕಿದ್ದಾಗ ನೀನು ಹೋಗಿದ್ಯಾ ನೋಡೋಕೆ?”

ಫೋನ್ ಇಟ್ಟೆ. ಸಂಜೆ ನೋಡಿದರೆ ನನ್ನನ್ನು ಗುಂಪಿನಿಂದ ಹೊರಗೆ ಹಾಕಿದ್ದಳು. ಒಳ್ಳೆಯದೇ ಆಯಿತು. ಅಲ್ಲಿ ನನಗೇನು ಕೆಲಸ.

ಮಾರ್ಚ್ 21

ನೂರುಜ್ ಹಬ್ಬ. ಕೆಳಗೆ ಕಡಾಯಿಯಲ್ಲಿ ಸುಮಲಕ್ ಗಂಜಿ ಕಲಕುತ್ತ ಹಾಡುತ್ತಿದ್ದಾರೆ. ಇಳಿದು ಹೋಗಲಿಲ್ಲ.

ಏಪ್ರಿಲ್ 8

ಲ್ಯುಬಾ ಮಧ್ಯಾಹ್ನ ತನ್ನ ಕ್ಯಾರೆಟ್ ಉಪ್ಪಿನಕಾಯಿಯ ಡಬ್ಬ ನನ್ನ ಕಡೆ ತಳ್ಳಿದಳು. ಇವಳು ಡಬ್ಬ ತಳ್ಳಿದರೆ ಏನೋ ಹೇಳುವುದಿದೆ ಅಂತಲೇ ಲೆಕ್ಕ.

“ನಾಡಿದ್ದು ಎಜೆದು ನಲವತ್ತನೇ ದಿನ. ಗುಂಪಿಂದ ಒಂದಿಪ್ಪತ್ತು ಜನ ಹೊರಟಿದಾರೆ. ನೀನೂ ಬಾ.”

“ಕರೆದೋರು ಯಾರು?”

“ಸಾವಿನ ಮನೆಗೆ ಕರೀತಾರೇನೇ? ಇನ್ನೊಂದು ವಿಷ್ಯ. ಹಿರೀರು ಬಟ್ಟೆ ಹಂಚೋಕೆ ಬಿಡ್ಲಿಲ್ವಲ್ಲ, ವೆನೇರಾಗೆ ತುಂಬಾ ನೋವಾಗಿದೆ. ಅದಕ್ಕೆ ನಾವೇ ಹಂಚೋಣ, ಬಟ್ಟೆ ಬದ್ಲು ಎಲೆ ಹಂಚೋಣ ಅಂತಿದಾಳೆ. ಪಟ್ಟೆ ಗಿಡದ್ದು. ಬಂದೋರಿಗೆಲ್ಲ ಒಂದೊಂದು. ಮುಂದಿನ ವರ್ಷ ಎಲ್ಲರ ಕಿಟಕೀಲೂ ಎಜೆ ಅರಳ್ತಾಳೆ ಅಂತ ಬರ್ದಿದಾಳೆ. ನಾನಂತೂ ಅತ್ತುಬಿಟ್ಟೆ.”

“ಎಲೇಲಿ ಪಟ್ಟೆ ಬರಲ್ಲ” ಅಂದೆ.

ಲ್ಯುಬಾ ಚಮಚ ಕೆಳಗಿಟ್ಟಳು. “ವೆನೇರಾ ಹತ್ರ ಮಾಸ್ಕೋದಿಂದ ತಂದ ಬೇರೆ ಜಾತಿ ಪಟ್ಟೆ ಗಿಡ ಇದ್ಯಲ್ಲ, ಅವಳಿಗೆ ಗೊತ್ತಿರಲ್ವಾ?”

“ಹೆಸರಿನ ಚೀಟಿ ಸಮೇತ ಹೂ ಬಿಟ್ಟಿರೋದನ್ನ ಕೊಂಡ್ಕೊಳ್ಳೋಳು ಅವಳು. ಮರಿ ಮಾಡಿ ಗೊತ್ತಿಲ್ಲ.”

“ಹಾಗಾದ್ರೆ ನಾನು ಈಗ್ಲೇ ಬರೀತೀನಿ ಗುಂಪಲ್ಲಿ, ಜೂರಾ ಹೀಗಂದ್ಳು ಅಂತ.”

“ನನ್ನ ಹೆಸರು ಎತ್ತಿದ್ರೆ ನೋಡು. ಬರೀಬೇಡ. ಎಲೆ ಹರೀಲಿ.”

“ಇರೋದೊಂದೇ ಗಿಡ ಕಣೇ!”

“ಹರೀಲಿ ಅಂದೆ. ಹೂ ಬಿಟ್ಟಾಗ ಗೊತ್ತಾಗತ್ತೆ ಅವ್ರ ಯೋಗ್ಯತೆ.”

ಅವಳು ಡಬ್ಬ ಮುಚ್ಚಿ ವಾಪಸು ಎಳೆದುಕೊಂಡಳು.

ಏಪ್ರಿಲ್ 10

ಬೆಳಿಗ್ಗೆ ಒಂದು ಅಟ್ಟಿ ಕಾಲರ್ ಪೂರ್ತಿ ಸೊಟ್ಟ ಕತ್ತರಿಸಿದೆ. ಮೇಸ್ತ್ರಿ ಬಾಯಿಗೆ ಬಂದಂತೆ ಬೈದ. ಕತ್ತರಿ ಅಲ್ಲೇ ಬಿಟ್ಟು, ಅವರು ಎಲೆ ಹರಿಯುವ ಮೊದಲು ಮುಟ್ಟಬೇಕೆಂದು ಪೂರ್ವ ಬಸ್ ನಿಲ್ದಾಣಕ್ಕೆ ಓಡಿದೆ. ಮಿನಿಬಸ್ಸು ಜನ ತುಂಬದೆ ಹೊರಡುವುದಿಲ್ಲ. ಕಡೆಗೆ ಇಬ್ಬರ ಸೀಟಿನ ದುಡ್ಡು ನಾನೇ ಕೊಡುತ್ತೇನೆ, ಹೊರಡಪ್ಪ ಅಂದೆ.

ತಡವಾಗಿತ್ತು. ಅಂಗಳದ ತುಂಬ ಎಣ್ಣೆಯಲ್ಲಿ ಬೊರ್ಸೊಕ್ ಹಿಟ್ಟಿನ ತುಂಡು ಕರಿದ ವಾಸನೆ. ಸತ್ತವರಿಗೆ ಆ ವಾಸನೆ ತಲುಪುತ್ತದಂತೆ, ತಲುಪಿದ್ದರೆ ಎಜೆ ಇದನ್ನೆಲ್ಲ ನೋಡಿ ನಗುತ್ತಿದ್ದಳು. ಹೆಂಗಸರು ಸಾಲಾಗಿ ಕೂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒದ್ದೆ ಕಾಗದದಲ್ಲಿ ಸುತ್ತಿದ ಒಂದು ಎಲೆ, ಎಳೆಗೂಸು ಹಿಡಿದಂತೆ ಹಿಡಿದಿದ್ದರು. ಲ್ಯುಬಾ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಅವಳ ಕೈಯಲ್ಲೂ ಒಂದಿತ್ತು.

ವೆನೇರಾ ಎದ್ದು ಬಂದಳು. ಕಣ್ಣು ಊದಿಕೊಂಡಿತ್ತು. “ಬಂದ್ಯಾ ಜೂರಾ. ಬರ್ತೀಯಾ ಅಂತ ಗೊತ್ತಿತ್ತು. ನಿನ್ನ ಪಾಲಿಂದು ಎತ್ತಿಟ್ಟಿದೀನಿ, ಎಲ್ಲಕ್ಕಿಂತ ಒಳ್ಳೇದು.”

ಕೊಟ್ಟಳು. ನಿಜಕ್ಕೂ ಒಳ್ಳೆ ಎಲೆ, ದಪ್ಪ, ಮಚ್ಚೆಯಿಲ್ಲದ್ದು. ತೆಗೆದುಕೊಂಡೆ. ಬೈಗುಳವೆಲ್ಲ ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದೆ, ಬದಲಿಗೆ ಎಲೆಯನ್ನು ಚೀಲದೊಳಗೆ ಇಟ್ಟುಕೊಂಡೆ. ಆಗಿಹೋದದ್ದಕ್ಕೆ ಏನು ಹೇಳುವುದು.

ಹಿತ್ತಲಿಗೆ ಹೋದೆ. ಬೂದಿ ಬಕೆಟ್ಟಿನ ಪಕ್ಕ ಕುಂಡ ಬಿದ್ದಿತ್ತು, ಮೇಲೆ ಟೀ ಚರಟ ಸುರಿದಿದ್ದರು. ಎಲೆ ಸಾಲದಾದಾಗ ಸುಳಿಯನ್ನೂ ಯಾರೋ ಕಿತ್ತಿದ್ದರು. ಹೂವಿನ ತೊಟ್ಟುಗಳು ತುಳಿತಕ್ಕೆ ಸಿಕ್ಕಿದ್ದವು. ಹೆಬ್ಬೆರಳಿನಷ್ಟು ಮೋಟು ಉಳಿದಿತ್ತು. ಎಜೆಗೆ ಕೈ ಬಾರದ ಕೆಲಸವನ್ನು ಇವರು ಅಳುತ್ತ ಅಳುತ್ತ ಮಾಡಿ ಮುಗಿಸಿದ್ದರು. ಬೇಡದ ಎಲೆಯನ್ನು ಎದೆಗವಚಿಕೊಂಡಿದ್ದಾರೆ, ಬೇಕಾದ ಮೋಟನ್ನು ಬೂದಿಗೆ ಎಸೆದಿದ್ದಾರೆ. ನಗು ಬಂತು, ಆಮೇಲೆ ಅಲ್ಲೇ ಕೂತು ಅತ್ತೆ. ಕುಂಡವನ್ನು ಚೀಲದಲ್ಲಿಟ್ಟು ಮೇಲೆ ಶಾಲು ಮುಚ್ಚಿದೆ.

ಹೊರಡುವಾಗ ಜೆಜ್ದೆಯನ್ನು ಕೇಳಿಯೇಬಿಟ್ಟೆ. “ನಂಗ್ಯಾಕೆ ಹೇಳ್ಲಿಲ್ಲ ಅವಳು?”

ಅವನು ಕೋಲಿನ ತುದಿ ನೋಡುತ್ತ ಹೇಳಿದ. “ನಾನೂ ಕೇಳಿದ್ದೆ. ಮನೇಲಿ ಎಲ್ರೂ ನನ್ನ ಹೊಟ್ಟೆ ಬಗ್ಗೆನೇ ಮಾತಾಡ್ತೀರಿ, ಅಲ್ಲಿ ಯಾರಿಗೂ ಗೊತ್ತಿಲ್ಲ, ಅಲ್ಲಿರೋಷ್ಟು ಹೊತ್ತು ನಂಗೆ ಕಾಯ್ಲೆ ಇರಲ್ಲ ಅಂದ್ಳು. ಆಸ್ಪತ್ರೇಲಿ ಸೂಜಿ ಚುಚ್ಚಿಸ್ಕೊಂಡೇ ನಿಮ್ಗೆಲ್ಲ ಉತ್ತರ ಹೇಳ್ತಿದ್ಳು.”

ಹಾಗಾದರೆ ನಾನು ಅವಳಿಗೆ ಒಂದು ಮಾತ್ರೆಯಷ್ಟೇ. ಅದನ್ನಾದರೂ ಹೇಳಬಹುದಿತ್ತು.

ಮೇ 6

ಮೋಟು ಹಾಗೇ ಇದೆ. ಬದಿಯೊಂದು ಕಪ್ಪಾಗುತ್ತಿದೆ. ಬ್ಲೇಡಿನಿಂದ ಕೆರೆದು ಇದ್ದಿಲ ಪುಡಿ ಹಚ್ಚಿದೆ. ಮೇಲೆ ಗಾಜಿನ ಲೋಟ ಬೋರಲು ಹಾಕಿದ್ದೇನೆ.

ವೆನೇರಾ ಕೊಟ್ಟ ಎಲೆಯನ್ನೂ ನೆಟ್ಟೆ. ಎಸೆಯೋಣ ಅಂದುಕೊಂಡಿದ್ದೆ, ಎಲೆಯ ತಪ್ಪೇನು.

ಜೂನ್ 2

ಚಿಗುರಿದೆ! ಮೋಟಿನ ಬುಡದಲ್ಲಿ ಮೂರು ಮರಿ, ಸಾಸಿವೆಯಷ್ಟಿವೆ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಮೊಬೈಲ್ ಎತ್ತಿಕೊಂಡು ಎಜೆಯ ಹೆಸರು ಒತ್ತಿಯೂ ಬಿಟ್ಟಿದ್ದೆ.

ಯಾರಿಗೂ ಹೇಳುವುದಿಲ್ಲ. ಲ್ಯುಬಾಗೂ ಇಲ್ಲ.

ಜುಲೈ 28

ಬಿಸಿಲು ನಲವತ್ತು ದಾಟಿದೆ. ಒಂದು ಮರಿ ಬಾಡಿ ಸತ್ತಿತು. ಮೋಟು ಕೊಳೆತುಹೋಯಿತು. ಉಳಿದ ಎರಡನ್ನು ಸ್ನಾನದ ಮನೆಯ ತಂಪಿನಲ್ಲಿಟ್ಟು ನಾನು ಅಡುಗೆ ಮನೆಯ ನಲ್ಲಿಯಲ್ಲೇ ಮೈ ತೊಳೆಯುತ್ತಿದ್ದೇನೆ.

ಸೆಪ್ಟೆಂಬರ್ 14

ಶಾಲೆ ಶುರುವಾಯಿತು, ಸಮವಸ್ತ್ರದ ಕೆಲಸ ಮುಗಿಯಿತು, ಬೆನ್ನು ಬೆನ್ನಾಗಿ ಉಳಿದಿಲ್ಲ. ಇನ್ನೊಂದು ಮರಿಯೂ ಹೋಯಿತು. ಇರುವುದೊಂದೇ.

ವೆನೇರಾ ನನ್ನನ್ನು ಗುಂಪಿಗೆ ವಾಪಸು ಸೇರಿಸಿದ್ದಾಳೆ, ಕೇಳದೆಯೇ. ಸೇರಿಸಲಿ. ಹೂ ಬಿಡುವ ಹೊತ್ತಿಗೆ ನಾನೂ ಅಲ್ಲಿರಬೇಕಲ್ಲ.

ನರೀನ್ ಊರಿನ ಯಾರೋ ಹುಡುಗಿಯ ಗಿಡ ಎಲೆ ಉದುರಿಸುತ್ತಿದೆಯಂತೆ. ಮೂರು ದಿನದಿಂದ ಕೇಳುತ್ತಿದ್ದಾಳೆ, ಒಬ್ಬರೂ ಉತ್ತರ ಕೊಟ್ಟಿಲ್ಲ. ನೋಡಿ ನೋಡಿ ರೇಗಿಹೋಗಿ ಬರೆದೆ, ಯಾವ ಕಿಟಕಿಯಲ್ಲಿಟ್ಟಿದ್ದೀಯಾ ಅಂತ. ಉತ್ತರದ ಕಿಟಕಿಯಂತೆ, ಕೆಳಗೆ ಹೀಟರ್ ಕೊಳವೆಯಂತೆ. ಅರ್ಧ ಗಂಟೆ ಹಾಳಾಯಿತು.

ಜನವರಿ 19

ಶುರುವಾಗಿದೆ. ಮೊದಲು ಅಲ್ಮಾಟಿಯವಳ ಎಲೆಗಿಡ ಹೂ ಬಿಟ್ಟಿತು, ಆಮೇಲೆ ವೆನೇರಾದ್ದು, ಇವತ್ತು ಲ್ಯುಬಾದ್ದು. ಬರೀ ನೀಲಿ. ಒಂದು ಗೆರೆ ಬಿಳಿಯಿಲ್ಲ. ಸಂತೆಯಲ್ಲಿ ಯಾರ ಹತ್ತಿರ ಬೇಕಾದರೂ ಸಿಗುವ ನೀಲಿ.

ಈಗಲಾದರೂ ನಾಚಿಕೆಯಾಗುತ್ತದೆ ಅಂದುಕೊಂಡರೆ, ವೆನೇರಾ ಏನು ಬರೆದಿದ್ದಾಳೆ! ‘ಪಟ್ಟೆಯನ್ನು ಎಜೆ ತನ್ನ ಜೊತೆ ತೆಗೆದುಕೊಂಡು ಹೋಗಿದ್ದಾಳೆ. ನಮಗೆ ತನ್ನ ನೀಲಿಯನ್ನು ಬಿಟ್ಟಿದ್ದಾಳೆ.’ ಕೆಳಗೆ ಮತ್ತೆ ಮೇಣದಬತ್ತಿ, ಮತ್ತೆ ಪಾರಿವಾಳ. ಹರಿದವರು ಇವರು, ಒಯ್ದವಳು ಅವಳು!

ಬೆರಳ ತುದಿಯವರೆಗೆ ಬಂದಿತ್ತು ಮಾತು. ತಡೆದುಕೊಂಡೆ. ನನ್ನದರಲ್ಲಿ ಮೊಗ್ಗಿದೆ.

ಲ್ಯುಬಾ ಕೇಳಿದಳು, “ನಿಜ ಹೇಳು, ನಿಂಗೆ ಖುಷಿಯಾಗ್ತಿದ್ಯಾ?”

“ನಿನ್ನ ಗಿಡ ಬದುಕ್ತಲ್ಲ, ಅದಕ್ಕೆ ಆಶ್ಚರ್ಯ ಆಗ್ತಿದೆ” ಅಂದೆ.

“ಎಜೆದು ಅಂತ ಗ್ಲಾಸಲ್ಲಿ ಅಳೆದು ನೀರು ಹಾಕಿದೀನಿ ಕಣೇ” ಅಂದಳು.

ಫೆಬ್ರವರಿ 11

ಅರಳಿತು. ಬಿಳಿ, ನಡುವೆ ನೀಲಿ ಪಟ್ಟೆ. ಐದೂ ದಳಕ್ಕೆ.

ಫೋಟೊ ತೆಗೆದಿಟ್ಟೆ. ಎಲ್ಲೂ ಹಾಕುವುದಿಲ್ಲ. ಇಪ್ಪತ್ನಾಲ್ಕಕ್ಕೆ ಎಜೆಯ ವರ್ಷದ ಊಟ, ಒಂದು ವಾರ ಮೊದಲೇ ಇಟ್ಟುಕೊಂಡಿದ್ದಾರೆ, ಎಲ್ಲರೂ ಬರುತ್ತಾರೆ. ಗಿಡವನ್ನೇ ಒಯ್ದು ಊಟದ ಹಾಸಿನ ನಡುವೆ, ವೆನೇರಾ ಮುಂದೆ ಇಡುತ್ತೇನೆ. ಏನೂ ಮಾತಾಡುವುದಿಲ್ಲ, ಇಟ್ಟು ಕೂರುತ್ತೇನೆ. ವರ್ಷವೆಲ್ಲ ಈ ಒಂದು ಘಳಿಗೆಗೇ ಕಾದಿದ್ದೇನೆ ಅನ್ನಿಸುತ್ತದೆ.

ಫೆಬ್ರವರಿ 24

ಹೊರಗೆ ಕೊರೆಯುವ ಚಳಿ. ಕುಂಡವನ್ನು ಹತ್ತಿಯ ಕೋಟಿನಲ್ಲಿ ಸುತ್ತಿ, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟು ಚೀಲಕ್ಕೆ ಹಾಕಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಹೋದೆ.

ಊಟಕ್ಕೆ ಕುದುರೆ ಕಡಿದಿದ್ದರು, ಮನೆ ತುಂಬ ಜನ. ಗುಂಪಿನವರು ಒಂದು ಕೋಣೆಯಲ್ಲಿ ಕೂತಿದ್ದರು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ನಾನೂ ಕೂತೆ. ಜಿಪ್ಪಿನ ಮೇಲೆ ಕೈ ಇತ್ತು. ಅಷ್ಟರಲ್ಲಿ ಜೆಜ್ದೆ ಒಂದು ಕುಂಡ ಎತ್ತಿಕೊಂಡು ಬಂದ. ಅವನಿಗೂ ಅವತ್ತು ಒಂದು ಎಲೆ ಕೊಟ್ಟಿದ್ದರಂತೆ. ಎಜೆಯ ಬೇರೆ ಗಿಡವೆಲ್ಲ ಅವರಿವರು ಒಯ್ದು, ಆ ದೊಡ್ಡ ಕಿಟಕಿಯಲ್ಲಿ ಇದೊಂದೇ ಉಳಿದದ್ದು. ತುಂಬ ನೀಲಿ ಹೂ. ಎಲೆ ಮೇಲೆ ನೀರು ಚೆಲ್ಲಿ ಕಲೆ ಮಾಡಿದ್ದ, ಕುಂಡವೂ ದೊಡ್ಡದಾಗಿತ್ತು.

“ನೋಡಿ, ನಾನೇ ಬೆಳೆಸಿದ್ದು” ಅಂದ ಎಲ್ಲರಿಗೂ. ನನ್ನ ಕಡೆ ತಿರುಗಿ, “ಜೂರಾ, ನೀನು ತಿಳ್ಕೊಂಡೋಳು. ಅವಳ್ದೇ ಥರ ಬಂದಿದ್ಯಾ?” ಅಂದ.

ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಲ್ಯುಬಾ ಬೊರ್ಸೊಕ್ ಬಾಯಿಗಿಡುವುದನ್ನು ಮರೆತಿದ್ದಳು.

“ಅವಳ್ದೇ ಥರ, ಜೆಜ್ದೆ. ಸ್ವಲ್ಪ ನೀರು ಕಡಿಮೆ ಮಾಡಿ” ಅಂದೆ. ಕೈ ಜಿಪ್ಪಿನಿಂದ ತೆಗೆದೆ.

ನನಗೆ ನನ್ನ ಮೇಲೆ ಕೋಪ ಬಂತು, ಸ್ವಲ್ಪ ಹೆಮ್ಮೆಯೂ ಆಯಿತು. ಆ ಹೆಮ್ಮೆ ಮಿನಿಬಸ್ಸಿನವರೆಗೂ ಉಳಿಯಲಿಲ್ಲ. ಜೆಜ್ದೆ ಬೇಡವೆಂದರೂ ನನ್ನ ಚೀಲ ಹೊತ್ತು ರಸ್ತೆಯವರೆಗೆ ಬಂದ. ಜಾರುವ ಹಿಮ, ಅವನಿಗೆ ಕೋಲು ಬೇರೆ.

“ನೆಟ್ಟಗೆ ಹಿಡೀರಿ ಜೆಜ್ದೆ, ವಾಲಿಸ್ಬೇಡಿ” ಅಂದುಬಿಟ್ಟೆ.

ಅವನು ನಿಂತ. ಚೀಲದ ಜಿಪ್ಪನ್ನು ಎರಡು ಬೆರಳಗಲ ಎಳೆದು ಒಳಗೆ ನೋಡಿದ. ತುಂಬ ಹೊತ್ತು ನೋಡಿದ. ಚಳಿ ಒಳಗೆ ನುಗ್ಗದಂತೆ ನಾನು ಶಾಲು ಅಡ್ಡ ಹಿಡಿದೆ.

“ಅವತ್ತು ಹಿತ್ತಲಲ್ಲಿ ಕುಂಡ ಕಾಣ್ಲಿಲ್ಲ. ಜೂರಾನೇ ಇರ್ಬೇಕು ಅನ್ಕೊಂಡೆ” ಅಂದ.

“ನಿಮ್ಗೆ ಗೊತ್ತಿತ್ತಾ, ನೀವು ಬೆಳೆಸಿದ್ದು...”

“ನಾನೇನು ಕುರುಡನಾ? ಅವಳ ಹಾಸಿಗೆ ಆ ಕಿಟಕಿ ಕೆಳಗೇ ಇತ್ತು. ಆರು ತಿಂಗ್ಳು ಇಬ್ರೂ ಆ ಪಟ್ಟೆನೇ ನೋಡಿದೀವಿ. ಎಲೆ ಕೀಳುವಾಗ್ಲೇ ನಂಗೆ ಗೊತ್ತಿತ್ತು ಬರಲ್ಲ ಅಂತ. ಅವಳು ಹೇಳಿದ್ಳಲ್ಲ.”

“ಮತ್ಯಾಕೆ ಸುಮ್ನಿದ್ರಿ?”

“ಊರಿನ ಹೆಂಗಸ್ರು ಅವಳ ಬಟ್ಟೆ ಮುಟ್ಲಿಲ್ಲ. ನೀನೇ ತಂದಿದ್ದೆ, ನೋಡಿದ್ಯಲ್ಲ. ಇವ್ರು ಬಂದು, ಅವಳ್ದು ನಮ್ಗೊಂದು ಕೊಡಿ, ನಮ್ಗೊಂದು ಕೊಡಿ ಅಂತ ಕೈ ಚಾಚಿದ್ರು. ಬೇಡ ಅಂತ ಹೇಗೆ ಹೇಳ್ಲಿ?”

ನಾನು ಚೀಲ ಅವನ ಕಡೆಗೇ ತಳ್ಳಿದೆ. “ಇದು ನಿಮ್ದು. ಕಿಟಕೀಲಿಡಿ.”

ಅವನು ಜಿಪ್ಪು ಎಳೆದು, ಕೋಟಿನ ಅಂಚು ಒಳಗೆ ಸೇರಿಸಿ, ನನ್ನ ಕೈಗೇ ಕೊಟ್ಟ. “ಬೇಡಮ್ಮ. ಇಲ್ಲಿಟ್ರೆ ಪ್ರೀತಿಗೆ ಮತ್ತೆ ಹರೀತಾರೆ. ಒಂದನ್ನ ನೋಡಿದೀನಿ, ಸಾಕು. ಮೊದಲನೇದು ನಿಂಗೆ ಅಂತ ಅವಳು ಹೇಳಿದ್ಳು.”

ಬಸ್ಸಿನಲ್ಲಿ ವೆನೇರಾ ಪಕ್ಕದಲ್ಲೇ ಕೂತಳು. ಚೀಲದಲ್ಲೇನು ಅಂತ ಕೇಳಿದಳು. ಮಾಂಸ ಕಟ್ಟಿಕೊಟ್ಟಿದ್ದಾರೆ ಅಂದೆ.

ಮಾರ್ಚ್ 3

ಇವತ್ತು ಸುಳಿ ಮುರಿದೆ. ಹೂ ಇನ್ನೂ ತಾಜಾ ಇತ್ತು, ಎಜೆಗೆ ಯಾಕೆ ಕೈ ಬರಲಿಲ್ಲ ಅಂತ ಗೊತ್ತಾಯಿತು. ಬ್ಲೇಡು ಹಿಡಿದುಕೊಂಡು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವಳನ್ನೇ ಬೈದೆ. ಹೇಳದೆ ಹೋದದ್ದಕ್ಕೆ, ಕಾಯಿಸಿದ್ದಕ್ಕೆ, ಈ ಕೆಲಸ ನನ್ನ ತಲೆಗೆ ಕಟ್ಟಿದ್ದಕ್ಕೆ. ಆಮೇಲೆ ಮುರಿದೆ. ಚಿಗುರದಿದ್ದರೆ ಇದೂ ಹೋಯಿತು, ಇನ್ನೊಂದಿಲ್ಲ. ಇದ್ದಿಲ ಪುಡಿ ಹಚ್ಚಿ ಲೋಟ ಬೋರಲು ಹಾಕಿದ್ದೇನೆ.

ನರೀನ್ ಹುಡುಗಿ ಬರೆದಿದ್ದಾಳೆ, ಅವಳ ಗಿಡ ಮೊಗ್ಗು ಬಿಟ್ಟಿದೆಯಂತೆ. ಜೂರಾ ಎಜೆ, ನಿಮ್ಮಿಂದಲೇ ಅಂತೆ. ಕುಂಡ ಆಗಾಗ ತಿರುಗಿಸಿಡು ಮಗಳೇ, ಒಂದೇ ಕಡೆ ಬೆಳಕು ಬಿದ್ದರೆ ವಾಲುತ್ತದೆ ಅಂತ ಬರೆದೆ.

ಮರಿ ಬಂದರೆ ಒಂದು ಲ್ಯುಬಾಗೆ, ನೀರು ಅಳೆದು ಹಾಕುವುದನ್ನು ಕಲಿತಿದ್ದಾಳೆ. ಮೊದಲನೆಯದನ್ನು ವೆನೇರಾಗೆ ಕೊಡುವುದಿಲ್ಲ. ಎರಡನೆಯದು ನೋಡೋಣ.